ಕೆಂಪು ಕಾರಿನ ಭಾನುವಾರಗಳು

ಚೆನ್ನೈನ ಕ್ರೋಂಪೇಟೆಯ ನಮ್ಮ ಮನೆಗೆ ನಂಬರು ಇತ್ತು, ಆದರೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನಿಗೆ, ಕೊರಿಯರಿನವನಿಗೆ, ಹಾಲು ಹಾಕುವವನಿಗೆ, ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಹೆಂಗಸು ಒಂದೇ ಗುರುತು ಹೇಳುತ್ತಿದ್ದಳು: "ಅಂದ ಕಾರ್ ನಿಕ್ಕಿರ ವೀಡು." ಕಾರು ನಿಂತಿರುವ ಮನೆ. ಬೀದಿಯಲ್ಲಿ ಬೇರೆ ಕಾರುಗಳೂ ಇದ್ದವು. ಅವು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದವು. ನಿಂತೇ ಇರುತ್ತಿದ್ದದ್ದು ನಮ್ಮದು ಮಾತ್ರ. ಗೇಟು ದಾಟಿದರೆ ಸಿಮೆಂಟಿನ ಸಣ್ಣ ಅಂಗಳ, ಆ ಅಂಗಳ ತುಂಬ ಕಾರು, ಕಾರಿಗೂ ಗೋಡೆಗೂ ನಡುವೆ ಓರೆಯಾಗಿ ನಡೆದರೆ ನಮ್ಮ ಬಾಗಿಲು. ಒಳಗೆ ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಎರಡು ಕೋಣೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಬಚ್ಚಲು. ಮೊದಲ ಕೋಣೆಗೆ ಇದ್ದ ಒಂದೇ ಕಿಟಕಿಯಿಂದ ಕಾಣುತ್ತಿದ್ದದ್ದು ಕಾರಿನ ಹಿಂದಿನ ಗಾಜು. ಮೀನಂಬಾಕ್ಕಂನಲ್ಲಿ ಇಳಿಯುವ ವಿಮಾನಗಳು ತಲೆಯ ಮೇಲೇ ಹೋಗುವಾಗ ಆ ಗಾಜು ಸಣ್ಣಗೆ ನಡುಗುತ್ತಿತ್ತು. ಶಾಲೆಯಿಂದ ಬಂದು ಬೀಗ ತೆಗೆದು, ಡಬ್ಬಿಯಲ್ಲಿ ಅಮ್ಮ ಇಟ್ಟಿದ್ದ ಮೊಸರನ್ನ ತಿನ್ನುತ್ತಾ ನಾನೊಬ್ಬಳೇ ಅದನ್ನು ನೋಡುತ್ತಾ ಕೂರುತ್ತಿದ್ದೆ. ಅಮ್ಮ ಬರುವಷ್ಟರಲ್ಲಿ ದೀಪ ಹಾಕುವ ಹೊತ್ತು ದಾಟಿರುತ್ತಿತ್ತು.

ಕಾರು ಅಪ್ಪನದು. ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡು ತಂದಿದ್ದರು. ಆಗ ಅವರು ಸ್ಟೇಷನ್ ಹತ್ತಿರ ಅಮ್ಮನ ದೊಡ್ಡಪ್ಪನ ಹೋಟೆಲಿನಲ್ಲಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಉಡುಪಿಯ ಕಡೆಯಿಂದ ಬಂದ ನಮ್ಮಂಥವರು ಹತ್ತಾರು ಮಂದಿ ಅಲ್ಲಿ ಕೆಲಸಕ್ಕಿದ್ದರು. ಆಮೇಲೆ ಅಪ್ಪನಿಗೆ ಶೋಳಿಂಗನಲ್ಲೂರಿನ ದೊಡ್ಡ ಆಫೀಸೊಂದರ ಕ್ಯಾಂಟೀನು ನಡೆಸುವ ಕೆಲಸ ಸಿಕ್ಕಿತು. ಮೊದಲು ದಿನಾ ಹೋಗಿ ಬರುತ್ತಿದ್ದರು. ಆಮೇಲೆ ದೂರವಾಗುತ್ತದೆ ಎಂದು ವಾರಕ್ಕೊಮ್ಮೆ ಬಂದರು. ಆಮೇಲೆ ಹಬ್ಬಕ್ಕೆ ಬಂದರು. ಆಮೇಲೆ ಬರಲಿಲ್ಲ. ಅಲ್ಲಿ ಅವರಿಗೆ ಇನ್ನೊಂದು ಮನೆಯಾಗಿದೆ, ಆ ಮನೆಯಲ್ಲಿ ಇನ್ನೊಬ್ಬರು ಇದ್ದಾರೆ ಎಂದು ನನಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ದೊಡ್ಡಪ್ಪಜ್ಜ ಒಂದು ದಿನ ಮನೆಗೆ ಬಂದು, ಊರಿಗೆ ಹೋಗಿಬಿಡು ಎಂದು ಅಮ್ಮನಿಗೆ ಬುದ್ಧಿ ಹೇಳುವಾಗ ಅಡುಗೆಮನೆಯಿಂದ ಕೇಳಿಸಿಕೊಂಡೆ.

"ಅವನು ಅಲ್ಲಿ ಸಂಸಾರ ಹೂಡಿಯಾಯ್ತು ಮಾರಾಯ್ತಿ. ನೀನು ಇಲ್ಲಿ ಯಾರಿಗೆ ಕಾಯ್ತಾ ಕೂತಿದ್ದೀ?"

"ಕಾಯ್ಲಿಕ್ಕೆ ಕೂತದ್ದಲ್ಲ ದೊಡ್ಡಪ್ಪ. ಇದು ನನ್ನ ಮನೆ. ನಿಮ್ಮ ಹೋಟೆಲಲ್ಲಿ ಒಂದು ಕೆಲಸ ಕೊಡಿ, ಸಾಕು."

ಮರುದಿನದಿಂದ ಅಮ್ಮ ಹೋಟೆಲಿನ ಬಿಲ್ಲಿನ ಕೌಂಟರಿನಲ್ಲಿ ಕೂತಳು. ತಮಿಳು ಓದಲು ಬಾರದ, ಮಾತಾಡಲು ಅರ್ಧಂಬರ್ಧ ಬರುವ ಹೆಂಗಸು ಅಲ್ಲಿ ಹೇಗೆ ನಿಭಾಯಿಸಿದಳೋ. ನನಗೆ ತಿರುವುಮುರುವು. ನಾನು ಹುಟ್ಟಿದ್ದೂ ಓದಿದ್ದೂ ಇಲ್ಲೇ. ಅಮ್ಮನ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ತಮಿಳೇ ಬರುತ್ತಿತ್ತು. ಅವಳು ಒಂದು ಭಾಷೆಯಲ್ಲಿ ಕೇಳುವುದು, ನಾನು ಇನ್ನೊಂದರಲ್ಲಿ ಉತ್ತರಿಸುವುದು. ಮನೆಯಲ್ಲಿ ಇದ್ದದ್ದು ಇಬ್ಬರೇ ಆದ್ದರಿಂದ ಅದು ವಿಚಿತ್ರ ಅಂತ ಹೇಳಲು ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಫೋನು ಮಾಡುತ್ತಿದ್ದರು. ಅಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು, ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲಿಕ್ಕೆ. ತಿಂಡಿ ಆಯ್ತಾ ಎಂದು ಅಪ್ಪ ಕೇಳುತ್ತಿದ್ದರು. ಆಯ್ತು ಎನ್ನುತ್ತಿದ್ದೆ. ಚೆನ್ನಾಗಿ ಓದ್ತಿದ್ದೀಯಾ ಎನ್ನುತ್ತಿದ್ದರು. ಹೂಂ ಎನ್ನುತ್ತಿದ್ದೆ. ಅಲ್ಲಿಗೆ ನಮ್ಮಿಬ್ಬರ ಬಳಿ ಇದ್ದ ಮಾತೆಲ್ಲ ಮುಗಿಯುತ್ತಿತ್ತು. ಇನ್ನೇನು ಮತ್ತೆ ಎಂದು ಅವರು ಕೇಳುತ್ತಿದ್ದರು. ವಾರವಿಡೀ ಕೂಡಿಸಿಟ್ಟುಕೊಂಡ ಸಂಗತಿಗಳು ಆ ಹೊತ್ತಿಗೆ ಒಂದೂ ನೆನಪಾಗುತ್ತಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಒಂದು ದಿನ ನಾನು ಗೇಟಿನ ಬಳಿ ಹೋದಾಗ ಕಾರಿನ ಬಾನೆಟ್ಟಿನ ಧೂಳಿನಲ್ಲಿ ಯಾರೋ ಬೆರಳಿನಿಂದ ದೊಡ್ಡ ತಮಿಳು ಅಕ್ಷರಗಳಲ್ಲಿ ಬರೆದಿದ್ದರು: "ಅಪ್ಪಾ ಎಂಗೆ?" ಅಪ್ಪ ಎಲ್ಲಿ? ಚೆಂಡು ಹೆಕ್ಕಲು ಅಂಗಳಕ್ಕೆ ನುಗ್ಗುವ ಬೀದಿಯ ಮಕ್ಕಳದೇ ಕೆಲಸ. ನಾನು ಅಂಗೈಯಿಂದ ಒರೆಸುವಷ್ಟರಲ್ಲಿ ಹಿಂದೆ ಅಮ್ಮ ನಿಂತಿದ್ದಳು.

"ಎಂತ ಮಗಾ ಅದು? ಎಂತ ಬರ್ದಿದ್ದಾರೆ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಕಾರ್ ಕಳುವಣುಮಾಂ." ಕಾರು ತೊಳೆಯಬೇಕಂತೆ.

ಅಮ್ಮ ಸ್ವಲ್ಪ ಹೊತ್ತು ಆ ಅಕ್ಷರಗಳನ್ನೇ ನೋಡಿದಳು. ಬರೆದಿದ್ದ ಎರಡು ಪದಕ್ಕೆ ನಾನು ಹೇಳಿದ ಎರಡು ಪದ ಸರಿಹೋಯಿತೋ ಏನೋ.

"ಸರಿಯಾಗಿಯೇ ಹೇಳಿದ್ದಾರೆ," ಎಂದಳು. "ಹೆಣ ಇಟ್ಟ ಹಾಗೆ ಮನೆ ಎದುರು ಇಟ್ಟುಕೊಂಡಿದ್ದೇವೆ. ಬಾ, ತೊಳೆಯುವ."

ಸೀರೆ ಎತ್ತಿ ಕಟ್ಟಿ, ಬಟ್ಟೆ ಒಗೆಯುವ ಪುಡಿಯನ್ನೇ ಬಕೆಟ್ಟಿಗೆ ಸುರಿದು ಅಮ್ಮ ಶುರುಮಾಡಿದಳು. ಪಕ್ಕದ ಮನೆಯ ಹೊಂಗೆ ಮರ ನಮ್ಮ ಗೋಡೆಯ ಮೇಲೆ ಬಾಗಿತ್ತು. ಬೆಳಿಗ್ಗೆ ಅದರ ನೆರಳು, ಮಧ್ಯಾಹ್ನದ ಮೇಲೆ ನೇರ ಬಿಸಿಲು. ನೆರಳಿನ ಹೊತ್ತಿನಲ್ಲಿ ಬಿದ್ದ ಅಂಟು, ಹಕ್ಕಿಯ ಹಿಕ್ಕೆ, ಹೂವು, ಎಲ್ಲವನ್ನೂ ಬಿಸಿಲು ಸುಟ್ಟು ಗಟ್ಟಿ ಮಾಡಿತ್ತು. ಧೂಳು ಹೋದ ಮೇಲೆ ಕೆಂಪು ಕಾಣುತ್ತದೆ ಎಂದುಕೊಂಡಿದ್ದೆವು. ಕಂಡದ್ದು ಸೀಮೆಸುಣ್ಣ ಬಳಿದಂಥ ಪೇಲವ ಗುಲಾಬಿ. ಒಣಗಿದ ಮೇಲೆ ಮೈಯೆಲ್ಲ ಬಿಳಿ ಚುಕ್ಕೆಗಳು. ಮಹಡಿಯ ಮೇಲಿದ್ದ ಮನೆಯೊಡತಿ, ನಾವು ಪಾಟಿ ಎಂದು ಕರೆಯುತ್ತಿದ್ದ ಮುದುಕಿ, ಕಟಕಟೆಯಿಂದ ಬಗ್ಗಿ ನೋಡಿ, ಇದಕ್ಕಿಂತ ಧೂಳೇ ಚೆನ್ನಾಗಿತ್ತು ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದಳು.

ಆ ಭಾನುವಾರ ಅಪ್ಪ ಇನ್ನೇನು ಮತ್ತೆ ಎಂದಾಗ ನನ್ನ ಬಳಿ ಹೇಳಲು ಒಂದು ಸಂಗತಿ ಇತ್ತು.

"ಕಾರ್ ಕಳುವಿನೋಂ ಅಪ್ಪಾ. ಪಿಂಕ್ ಆಯಿಡಿಚ್ಚು." ಕಾರು ತೊಳೆದೆವು, ಗುಲಾಬಿಯಾಗಿಬಿಟ್ಟಿತು.

"ಎಂತದರಲ್ಲಿ ತೊಳೆದದ್ದು?"

"ಸೋಪ್ ಪೊಡಿ."

"ಅಯ್ಯೋ, ಅದು ಹಾಕ್ಲಿಕ್ಕಿಲ್ಲ!" ಅಪ್ಪನ ದನಿ ಒಮ್ಮೆಲೇ ಹತ್ತಿರ ಬಂತು. "ಬೋರಿನ ಉಪ್ಪುನೀರಲ್ಲಿ ತೊಳೆದು ಹಾಗೇ ಬಿಟ್ಟಿದ್ದೀರಿ, ಅಲ್ವಾ? ಒಣಗ್ಲಿಕ್ಕೆ ಬಿಡಬಾರದು, ಕೂಡಲೇ ಒರೆಸ್ಬೇಕು. ಕೇಳು ಇಲ್ಲಿ. ಕಾರಿಗೇ ಅಂತ ಶಾಂಪೂ ಸಿಗ್ತದೆ. ಮರದ ಅಂಟಿಗೆ ಸೀಮೆಎಣ್ಣೆ, ಬಟ್ಟೆಗೆ ಒಂಚೂರು ತಾಗಿಸಿ ಮೆಲ್ಲ ಒರೆಸೋದು, ಆಮೇಲೆ ಪುನಃ ತೊಳೆಯೋದು. ಅದಾದ ಮೇಲೆ ಕಾಂಪೌಂಡ್ ಅಂತ ಪೇಸ್ಟಿನ ಡಬ್ಬಿ ಉಂಟು, ಅದರಲ್ಲಿ ತಿಕ್ಕೋದು. ಕೊನೆಗೆ ಮೇಣದ ಪಾಲಿಶ್. ಬಣ್ಣ ಸತ್ತಿಲ್ಲ ಮಗಾ. ಮೇಲಿನ ಪದರ ಮಾತ್ರ ಸತ್ತದ್ದು."

ಅಷ್ಟುದ್ದ ಅವರು ನನ್ನ ಬಳಿ ಎಂದೂ ಮಾತಾಡಿರಲಿಲ್ಲ. ಫೋನಿಟ್ಟ ಮೇಲೂ ಕಿವಿ ಬಿಸಿಯಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅಮ್ಮ ಹೊರಗೆ ಬಂದು ಕೇಳಿದ್ದು ಇಷ್ಟೇ:

"ಆ ಡಬ್ಬಿ ಎಲ್ಲಿ ಸಿಗ್ತದಂತೆ?"

ಜಿ.ಎಸ್.ಟಿ. ಹೆದ್ದಾರಿಯ ಕಾರಿನ ಸಾಮಾನಿನ ಅಂಗಡಿಗೆ ನಾವಿಬ್ಬರೂ ಹೋದೆವು. ಅಮ್ಮ ಕನ್ನಡದಲ್ಲಿ ಹೇಳಿದ್ದನ್ನು ನಾನು ತಮಿಳಿನಲ್ಲಿ ಕೇಳಿದೆ. ಅಂದಿನಿಂದ ಬೆಳಗಿನ ನೆರಳು ಇರುವಷ್ಟು ಹೊತ್ತು, ಅಮ್ಮ ಹೋಟೆಲಿಗೆ ಹೊರಡುವವರೆಗೆ, ನಮ್ಮ ಕೆಲಸ ಅದೇ. ಅಂಗೈಯಗಲದ ಜಾಗ ಆರಿಸಿಕೊಳ್ಳುವುದು, ಒದ್ದೆ ಬಟ್ಟೆಗೆ ಕಾಂಪೌಂಡ್ ಹಚ್ಚುವುದು, ಸುತ್ತಿಸದೆ ನೇರ ಗೆರೆಯಲ್ಲಿ ತಿಕ್ಕುವುದು, ಒಣಗುವ ಮೊದಲು ಒರೆಸುವುದು. ಅಮ್ಮನ ಹಳೆಯ ಹತ್ತಿ ಸೀರೆಗಳನ್ನು ಹರಿದು ಬಟ್ಟೆ ಮಾಡಿಕೊಂಡಿದ್ದೆವು. ಮೊದಲ ದಿನ ತಿಕ್ಕಿದ ಬಟ್ಟೆ ತಿರುಗಿಸಿ ನೋಡಿದರೆ ಕೆಂಪುಕೆಂಪು. ಬಣ್ಣವೇ ಕಿತ್ತು ಬರುತ್ತಿದೆ ಎಂದು ಅಮ್ಮ ಹೆದರಿ ನಿಲ್ಲಿಸಿಬಿಟ್ಟಳು. ಭಾನುವಾರ ಅಪ್ಪ, ಬರಲಿ, ಬರಬೇಕು, ಅದೇ ಸತ್ತ ಪದರ ಎಂದ ಮೇಲೆಯೇ ಮತ್ತೆ ಕೈ ಹಚ್ಚಿದ್ದು. ನಮ್ಮಿಬ್ಬರ ಉಗುರಿನ ಸಂದಿಯಲ್ಲಿ ಆ ಕೆಂಪು ಉಳಿದುಬಿಡುತ್ತಿತ್ತು. ಹೋಟೆಲಿನಲ್ಲಿ ಯಾರೋ ಕೇಳಿದ್ದಕ್ಕೆ ಅಮ್ಮ ಮದರಂಗಿ ಎಂದಳಂತೆ.

ಬಾನೆಟ್ಟಿನ ಮಧ್ಯದಲ್ಲಿ ಮೊದಲ ತುಂಡು ಜಾಗ ಹೊಳೆದ ದಿನ ನಾವಿಬ್ಬರೂ ಬಗ್ಗಿ ಅದನ್ನೇ ನೋಡಿದೆವು. ಕುಂಕುಮದ ಕೆಂಪಲ್ಲ, ರಕ್ತದ ಕೆಂಪೂ ಅಲ್ಲ, ಹಣ್ಣಾದ ಮೆಣಸಿನಕಾಯಿಯ ಕೆಂಪು. ಅದರಲ್ಲಿ ಹೊಂಗೆಯ ಎಲೆಗಳು ಒಂದೊಂದಾಗಿ ಕಂಡವು. ಸುತ್ತಲೂ ಪೇಲವ ಗುಲಾಬಿ ಇನ್ನೂ ಇದ್ದದ್ದರಿಂದ ಅದು ಯಾರೋ ಕಿಟಕಿ ಕೊರೆದ ಹಾಗೆ ಕಾಣುತ್ತಿತ್ತು.

ನೀರಿನದೇ ದೊಡ್ಡ ಜಗಳವಾಯಿತು. ಕೊನೆಯ ಸಲ ತೊಳೆಯುವುದನ್ನು ಸಿಹಿನೀರಿನಲ್ಲೇ ಮಾಡಬೇಕು, ಇಲ್ಲದಿದ್ದರೆ ಚುಕ್ಕೆ ಹೋಗುವುದಿಲ್ಲ ಎಂದು ಅಪ್ಪ ಹೇಳಿದ್ದರು. ಸಿಹಿನೀರು ಲಾರಿಯಲ್ಲಿ ಬರುವಂಥದ್ದು, ಕುಡಿಯಲಿಕ್ಕೆ. ಅಮ್ಮ ಎರಡು ಕೊಡ ನೀರನ್ನು ಕಾರಿನ ಮೇಲೆ ಹುಯ್ಯುವುದನ್ನು ಮೇಲಿನಿಂದ ನೋಡಿದ ಪಾಟಿ ಚಪ್ಪಲಿ ಕೂಡ ಮೆಟ್ಟದೆ ಇಳಿದು ಬಂದಳು.

"ಕುಡಿಕ್ಕಿರ ತಣ್ಣಿ! ಓಡಾದ ಕಾರುಕ್ಕಾ?" ಕುಡಿಯುವ ನೀರನ್ನು ಓಡದ ಕಾರಿಗೆ ಹಾಕುತ್ತೀಯಾ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಬಿಟ್ಟುಹೋದವನ ಕಾರಿಗೆ ಅಭಿಷೇಕ ಮಾಡುತ್ತಾಳೆ ನೋಡಿ ಎಂದೂ ಸೇರಿಸಿದಳು.

ಅದನ್ನು ಅಮ್ಮನಿಗೆ ಕನ್ನಡ ಮಾಡಿ ಹೇಳುವ ಅಗತ್ಯ ಬೀಳಲಿಲ್ಲ. ಅವಳು ಕೊಡ ಕೆಳಗಿಟ್ಟು, ತನಗೆ ಬರುವಷ್ಟು ತಮಿಳಿನಲ್ಲೇ, "ಎನ್ ಪಂಗು ತಣ್ಣಿ, ಪಾಟಿ," ಎಂದಳು. ನನ್ನ ಪಾಲಿನ ನೀರು. ಆ ದಿನ ನಾವು ಹೋಟೆಲಿನಿಂದ ಬಾಟಲಿಯಲ್ಲಿ ನೀರು ತಂದು ಕುಡಿದೆವು.

ಇನ್ನೊಂದು ಬೆಳಿಗ್ಗೆ ಅಮ್ಮ ಬಾನೆಟ್ಟಿನ ಅಂಚನ್ನು ತಿಕ್ಕುತ್ತಾ ಏನೋ ಯೋಚನೆಯಲ್ಲಿ ಮುಳುಗಿದಳು. ನಾನು ನೋಡುವಷ್ಟರಲ್ಲಿ ಅಂಚಿನ ಕೆಂಪು ಪೂರ್ತಿ ಹೋಗಿ ಒಳಗಿನ ಬೂದು ಬಣ್ಣ ಕಾಣುತ್ತಿತ್ತು, ಹೆಬ್ಬೆರಳಿನಷ್ಟು ಜಾಗ. ಅಪ್ಪನಿಗೆ ಹೇಳಬೇಡ ಎಂದು ಅಮ್ಮ ಹೇಳಲಿಲ್ಲ. ನಾನು ಹೇಳಿದೆ.

"ಅಂಚಲ್ಲಿ ಬಣ್ಣ ತೆಳು ಇರ್ತದೆ. ಅಲ್ಲಿ ಅಷ್ಟು ಒತ್ತಿದ್ರೆ ಎಂತ ಆಗ್ತದೆ? ಅವಳಿಗೆ ಹೇಳು, ಅಂಚಿಗೆ ಪೇಪರ್ ಟೇಪು ಅಂಟಿಸಿ..." ಅಪ್ಪ ಮಾತು ನಿಲ್ಲಿಸಿದರು. ಆಮೇಲೆ, "ಅವಳಿಗೇ ಕೊಡು," ಎಂದರು.

ನಾನು ಅಡುಗೆಮನೆಗೆ ಹೋಗಿ ಫೋನು ಚಾಚಿದೆ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

"ಹೇಳಿ," ಎಂದಳು. "ಹೂಂ... ಎಷ್ಟು ಒತ್ತಬೇಕು?... ದೋಸೆ ಕಾವಲಿಗೆ ಎಣ್ಣೆ ಸವರುವಷ್ಟಾ?... ಸರಿ... ಇಲ್ಲ, ಬಲಬದಿಯ ಬಾಗಿಲು ಇನ್ನೂ ಮಾಡ್ಲಿಲ್ಲ... ಹೂಂ."

ನಾನು ಬಾಗಿಲಿಗೆ ಒರಗಿ ನಿಂತು ಕೇಳಿದೆ. ಮನೆಮನೆಗಳಲ್ಲಿ ಗಂಡ ಹೆಂಡತಿ ಹೀಗೇ ಮಾತಾಡುತ್ತಾರಲ್ಲ, ಗ್ಯಾಸು ಬಂತಾ, ಬೀಗ ಹಾಕಿದೆಯಾ ಎಂದು. ಆ ರಾತ್ರಿ ಮಲಗುವಾಗ, ಕಾರು ಪೂರ್ತಿ ಕೆಂಪಾದ ದಿನ ಅಪ್ಪ ಬಂದುಬಿಡುತ್ತಾರೆ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಅದಕ್ಕೆ ಆಧಾರವೇನೆಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಆ ವಾರಗಳಲ್ಲೇ ನನ್ನ ಬಾಯಿಗೆ ಕನ್ನಡ ಬಂದದ್ದು. ಅಪ್ಪನೊಡನೆ ತಮಿಳಿನಲ್ಲಿ ಮಾತಾಡಿದರೆ ಮಾತು ಬೇಗ ಮುಗಿಯುತ್ತಿತ್ತು. ಕನ್ನಡದಲ್ಲಿ ತಡವರಿಸಿದರೆ ಅವರು ತಿದ್ದುತ್ತಿದ್ದರು, ಅಷ್ಟು ಹೊತ್ತು ಹೆಚ್ಚು ಸಿಗುತ್ತಿತ್ತು. ತೊಳೆಯುವುದು ಬೇರೆ, ಒರೆಸುವುದು ಬೇರೆ, ಉಜ್ಜುವುದು ಬೇರೆ, ಸವರುವುದು ಬೇರೆ ಎಂದು ಕಲಿತದ್ದು ಹಾಗೆ. ಶನಿವಾರ ಸಂಜೆ ಒಬ್ಬಳೇ ಕೂತು ಕಿಟಕಿಯ ಕಡೆ ನೋಡುತ್ತಾ ಮರುದಿನದ ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಇಂದು ನಾನು ಬರೆಯುವ ಭಾಷೆ ಶಾಲೆಯಿಂದ ಬಂದದ್ದಲ್ಲ, ತಾಯಿಯಿಂದ ಬಂದದ್ದೂ ಪೂರ್ತಿಯಾಗಿ ಅಲ್ಲ.

ಆದರೆ ಕಾರಿಗೆ ಅಳತೆಯಿತ್ತು. ಬಾನೆಟ್ಟು ಮುಗಿಯಿತು, ಮೇಲ್ಛಾವಣಿ ಮುಗಿಯಿತು, ಬಾಗಿಲುಗಳು ಮುಗಿಯುತ್ತಾ ಬಂದವು. ಉಳಿದದ್ದು ಹಿಂದಿನ ಎಡಬಾಗಿಲು ಒಂದು. ಅದು ಆದರೆ ಮೇಣ ಹಚ್ಚುವುದು, ಅಲ್ಲಿಗೆ ಮುಗಿದ ಹಾಗೆ. ಅಪ್ಪ ಬರುತ್ತಾರೆ ಎಂಬುದು ಒಂದು ಕಡೆ, ಬರದಿದ್ದರೆ ಭಾನುವಾರ ಏನು ಮಾತಾಡುವುದು ಎಂಬುದು ಇನ್ನೊಂದು ಕಡೆ. ನಾನು ಮುಗಿದ ಜಾಗವನ್ನೇ ಮತ್ತೆ ತೋರಿಸಿ, ಇಲ್ಲಿ ಇನ್ನೂ ಮಂಕಾಗಿದೆ ಎನ್ನತೊಡಗಿದೆ. ಅಮ್ಮ ಅದನ್ನು ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು.

"ಹೌದು, ಮಂಕಾಗಿಯೇ ಉಂಟು," ಎನ್ನುತ್ತಿದ್ದಳು. "ಆ ಬಾಗಿಲು ಮುಂದಿನ ವಾರ ಮಾಡುವ. ನನಗೂ ರಟ್ಟೆ ನೋಯ್ತದೆ."

ಹೋಟೆಲಿನಲ್ಲಿ ರಜೆ ಹಾಕದೆ, ಮನೆಯಲ್ಲಿ ಬಟ್ಟೆಯ ರಾಶಿ ಒಗೆದು, ದೋಸೆಗೆ ಕೈಯಲ್ಲೇ ರುಬ್ಬುವವಳಿಗೆ ಒಂದು ಬಾಗಿಲಿನ ಕೆಲಸಕ್ಕೆ ರಟ್ಟೆ ನೋವು ಬರುವುದಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ. ಹಾಗೆ ಮುಂದಿನ ವಾರ, ಅದರ ಮುಂದಿನ ವಾರ ಎಂದು ಶಾಲೆ ಶುರುವಾಗುವ ಹೊತ್ತಿನವರೆಗೂ ಆ ಬಾಗಿಲು ಗುಲಾಬಿಯಾಗಿಯೇ ಇತ್ತು. ಕೊನೆಗೆ ಒಂದು ಬೆಳಿಗ್ಗೆ ಅಮ್ಮ, ಎಷ್ಟು ದಿನ ಮಗಾ, ಮುಗಿಸುವ, ಎಂದಳು. ಇಬ್ಬರೂ ಒಂದೇ ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ತಿಕ್ಕಿದೆವು. ಮರುದಿನ ಮೇಣ ಹಚ್ಚಿ, ಅದು ಮಂಜು ಕಟ್ಟಿದ ಹಾಗೆ ಆಗುವವರೆಗೆ ಕಾದು, ಒಣಬಟ್ಟೆಯಲ್ಲಿ ಒರೆಸಿದೆವು. ಅಡುಗೆ ಮಾಡದೆ ಅಂಗಳದಲ್ಲೇ ನಿಂತು ಬನ್ನು ತಿಂದೆವು. ಪಾಟಿ ಮೇಲಿನಿಂದ ಬಹಳ ಹೊತ್ತು ನೋಡಿ ಒಳಗೆ ಹೋದಳು.

ಫೋನಿನಲ್ಲಿ ನಾನು ಅಭ್ಯಾಸ ಮಾಡಿಟ್ಟುಕೊಂಡ ವಾಕ್ಯ ಹೇಳಿದೆ. "ಕಾರು ಪೂರ್ತಿ ಆಯಿತು ಅಪ್ಪ. ಕನ್ನಡಿಯ ಹಾಗೆ ಉಂಟು. ನೀವು ನೋಡ್ಲಿಕ್ಕೆ ಬರಬೇಕು."

"ಬರ್ತೇನೆ," ಎಂದರು ಅಪ್ಪ. "ಮುಂದಿನ ಭಾನುವಾರ ಬರ್ತೇನೆ."

ನಾನು ದೀಪಾವಳಿಯ ಲಂಗ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದೆ. ಅಪ್ಪ ಆಟೋದಲ್ಲಿ ಬಂದರು. ಇಳಿದು, ಒಳಗಿನಿಂದ ಭಾರವಾದ ಏನನ್ನೋ ಎತ್ತಿಕೊಂಡರು. ನನಗೆ ಏನೋ ತಂದಿದ್ದಾರೆ ಎಂದುಕೊಂಡೆ. ಅದು ಕಾರಿನ ಹೊಸ ಬ್ಯಾಟರಿ. ನನ್ನ ತಲೆ ಸವರಿ, ಉದ್ದ ಆಗಿದ್ದೀ ಎಂದು ಹೇಳಿ, ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಜಾರಿಸಿದರು. ಅಂಚಿನ ಬೂದು ಮಚ್ಚೆಯ ಮೇಲೆ ಬೆರಳು ನಿಂತಿತು, ಮುಂದೆ ಹೋಯಿತು. ಅಮ್ಮ ಕಾಫಿ ತಂದಳು. ಒಳಗೆ ಬನ್ನಿ ಎಂದು ಅವಳೂ ಹೇಳಲಿಲ್ಲ, ಅವರೂ ಬಾಗಿಲ ಕಡೆ ನೋಡಲಿಲ್ಲ. ನಿಂತೇ ಕುಡಿದರು.

"ಒಳ್ಳೆ ಮಾಡಿದ್ದೀರಿ. ಶೋರೂಮಿನಿಂದ ಬಂದ ಹಾಗೆ ಉಂಟು."

"ನೀವು ಹೇಳಿದ ಹಾಗೆ ಮಾಡಿದ್ದು," ಎಂದಳು ಅಮ್ಮ.

"ಇಲ್ಲಿ ಪುನಃ ಬಿಸಿಲಿಗೆ ಹಾಳಾಗ್ತದೆ. ಅಲ್ಲಿ ನಮ್ಮ... ಅಲ್ಲಿ ಬಿಲ್ಡಿಂಗಿನ ಕೆಳಗೆ ನೆರಳಲ್ಲಿ ನಿಲ್ಲಿಸ್ಲಿಕ್ಕೆ ಜಾಗ ಉಂಟು. ತಗೊಂಡು ಹೋಗ್ತೇನೆ."

ಅಮ್ಮ ಖಾಲಿ ಲೋಟ ಇಸಿದುಕೊಂಡು ಒಳಗೆ ಹೋದಳು. ಬಂದಾಗ ಕೈಯಲ್ಲಿ ಕಾರಿನ ಕೀಲಿ, ಅರ್ಧ ಉಳಿದ ಮೇಣದ ಡಬ್ಬಿ, ಮಡಚಿದ ಸೀರೆಯ ತುಂಡುಗಳಿದ್ದವು.

"ಇದು ಸಹ ಇಟ್ಟುಕೊಳ್ಳಿ," ಎಂದಳು. "ಒಮ್ಮೆ ಹಚ್ಚಿದ್ರೆ ಸಾಲದು, ಆಗಾಗ ಹಚ್ಚುತ್ತಾ ಇರಬೇಕು ಅಂತ ನೀವೇ ಹೇಳಿದ್ದು. ಅಲ್ಲಿ ಯಾರಿಗಾದ್ರೂ ಕಲಿಸಿ."

ಅಪ್ಪ ಅವನ್ನು ತೆಗೆದುಕೊಂಡು ಹಿಂದಿನ ಸೀಟಿನಲ್ಲಿಟ್ಟರು. ಬ್ಯಾಟರಿ ಕೂರಿಸಿದರು, ಚಕ್ರಗಳಿಗೆ ಕೈಪಂಪಿನಿಂದ ಗಾಳಿ ತುಂಬಿದರು. ಕಾರು ಕೆಮ್ಮಿ ಕೆಮ್ಮಿ ಎದ್ದಿತು. ಒಂದು ರೌಂಡು ಬರ್ತೀಯಾ ಎಂದು ನನ್ನನ್ನು ಕೇಳಿದರು. ನಾನು ಅಮ್ಮನ ಕಡೆ ನೋಡಿದೆ.

"ಹೋಗಿ ಬಾ. ನೀನೂ ಅಷ್ಟು ದುಡಿದಿದ್ದೀ."

ಮುಂದಿನ ಸೀಟಿನಲ್ಲಿ ಕೂತು ಪಲ್ಲಾವರಂವರೆಗೆ ಹೋದೆ. ಅಪ್ಪ ಗೇರಿನ ಬಗ್ಗೆ, ಬ್ರೇಕಿನ ಬಗ್ಗೆ ಮಾತಾಡಿದರು. ಮೈ ಮಾಡಿದ್ದಾಯ್ತು, ಇನ್ನು ಎಂಜಿನ್ ನೋಡ್ಬೇಕು ಎಂದರು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಕಾರನ್ನು ಮೇಲಿಂದ ಕೆಳಗೆ ನೋಡಿದ. ಅಪ್ಪನ ಮುಖದಲ್ಲಿ ಸಣ್ಣ ನಗು ಬಂತು. ಆ ನಗು ನನಗೂ ಸ್ವಲ್ಪ ಸಿಗಲಿ ಎಂದು ನಾನು ಅವರ ಕಡೆಯೇ ನೋಡುತ್ತಿದ್ದೆ. ಬೀದಿ ಇಕ್ಕಟ್ಟು, ಮತ್ತೆ ತಿರುಗಿಸಲು ಕಷ್ಟ ಎಂದು ಹೇಳಿ, ಇಸ್ತ್ರಿ ಗಾಡಿಯ ಹತ್ತಿರವೇ ನನ್ನನ್ನು ಇಳಿಸಿದರು.

"ಭಾನುವಾರ ಫೋನು ಮಾಡ್ತೀರಾ?"

"ಮಾಡದೆ ಮತ್ತೆ?"

ಕೆಂಪು ಕಾರು ಬಸ್ಸುಗಳ ನಡುವೆ ಬಹಳ ದೂರದವರೆಗೂ ಕಾಣುತ್ತಿತ್ತು. ಅಷ್ಟು ಚೆನ್ನಾಗಿ ತಿಕ್ಕಿದ್ದೆವು. ಮನೆಗೆ ಬಂದಾಗ ಅಂಗಳ ಎಷ್ಟು ದೊಡ್ಡದಿದೆ ಎಂದು ಮೊದಲ ಸಲ ಗೊತ್ತಾಯಿತು. ಅಮ್ಮ ಕಾರು ನಿಂತಿದ್ದ ಜಾಗದಲ್ಲಿ ಕೂತು, ತೆಂಗಿನ ನಾರಿನಿಂದ ನೆಲದ ಎಣ್ಣೆಯ ಕಲೆ ತಿಕ್ಕುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ತಿಕ್ಕಿದೆ. ಅವಳು ಅಳುತ್ತಿರಲಿಲ್ಲ. ನಾನು ಅಳುತ್ತಿದ್ದೆನೋ ಏನೋ, ಅವಳು ನೋಡಿಯೂ ಕೇಳಲಿಲ್ಲ.

ಫೋನುಗಳು ಆಮೇಲೂ ಬಂದವು. ಕಾರು ಹೇಗುಂಟು ಎಂದು ನಾನು ಕೇಳುತ್ತಿದ್ದೆ. ಒಳ್ಳೆದುಂಟು ಎನ್ನುತ್ತಿದ್ದರು. ಮೇಣ ಹಚ್ಚಿದಿರಾ ಎಂದರೆ, ಪುರುಸೊತ್ತೆಲ್ಲಿ ಮಗಾ ಎನ್ನುತ್ತಿದ್ದರು. ಆಮೇಲೆ ತಿಂಡಿ ಆಯ್ತಾ, ಓದ್ತಿದ್ದೀಯಾ. ಆಮೇಲೆ ಒಂದು ಭಾನುವಾರ ಬಂದರೆ ಎರಡು ಬರುತ್ತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅಮ್ಮ ಪಣ್ರುಟ್ಟಿಯ ಹಲಸಿನಕಾಯಿ ತಂದು ಹಪ್ಪಳ ಮಾಡಿದಳು. ಮಧ್ಯಾಹ್ನದ ಬಿಸಿಲು ಪೂರ್ತಿ ಬೀಳುವ ಅಂಗಳದಲ್ಲಿ ಚಾಪೆ ಹಾಸಿ ಒಣಗಲು ಇಟ್ಟೆವು. ಒಂದು ತುದಿಯಲ್ಲಿ ಅಮ್ಮ, ಇನ್ನೊಂದು ತುದಿಯಲ್ಲಿ ಉದ್ದದ ಕೋಲು ಹಿಡಿದು ನಾನು, ಕಾಗೆ ಕಾಯುತ್ತಾ. ಮೇಲಿನಿಂದ ಪಾಟಿ, ತನಗೂ ಒಂದಷ್ಟು ಬೇಕೆಂದು ಕೂಗಿ ಹೇಳಿದಳು. ಆಗ ಒಳಗೆ ಮೊಬೈಲು ಬಡಿದುಕೊಂಡಿತು. ಅಂದು ಭಾನುವಾರ. ಅಮ್ಮ ನನ್ನ ಕಡೆ ನೋಡಿದಳು.

"ಎತ್ತು ಮಗಾ. ನಿನ್ನ ಅಪ್ಪ ಇರ್ಬೇಕು."

"ಇರ್ಲಿ ಅಮ್ಮ," ಎಂದೆ. "ನಾನು ಎದ್ದರೆ ಕಾಗೆ ಬರ್ತದೆ."

ನಾನು ಅವಳಿಗೆ ಕನ್ನಡದಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಅಮ್ಮ ಬಗ್ಗಿ, ಅಂಚು ಮೇಲೆದ್ದಿದ್ದ ಹಪ್ಪಳಗಳನ್ನು ಒಂದೊಂದಾಗಿ ಮಗುಚಿ ಹಾಕತೊಡಗಿದಳು. ಒಳಗೆ ಫೋನು ಸ್ವಲ್ಪ ಹೊತ್ತು ಬಡಿದುಕೊಂಡು ನಿಂತಿತು.